ಅರ್ಥವಾಗದ ವರದಿ, ಕೇಳದ ಪ್ರಶ್ನೆ

ಬ್ರ್ಯಾಂಪ್ಟನ್, ಮಿಸಿಸಾಗ, ಮಿಲ್ಟನ್, ಮಾರ್ಕಮ್‌ಗಳ ಕನ್ನಡ ಮನೆಗಳಿಗೆ ಈಗ ರಕ್ತಪರೀಕ್ಷೆಯ ಫಲಿತಾಂಶ ಅನೇಕ ಸಲ ವೈದ್ಯರ ಕರೆಗಿಂತ ಮೊದಲೇ ತಲುಪುತ್ತದೆ. ಬೆಳಿಗ್ಗೆ ರಕ್ತ ಕೊಟ್ಟು ಬಂದವರ ಮೊಬೈಲ್ ಫೋನಿನಲ್ಲಿ ಒಂದೆರಡು ದಿನಗಳೊಳಗೆ ಅಂಕಿಗಳ ಸಾಲು ತೆರೆದುಕೊಳ್ಳುತ್ತದೆ. ರೋಗಿಗೆ ತನ್ನ ದೇಹದ ಲೆಕ್ಕ ತಾನೇ ನೋಡುವ ಹಕ್ಕು ದೊರೆತಿರುವುದು ಸಣ್ಣ ಸಂಗತಿಯಲ್ಲ. ಆದರೆ ಲೆಕ್ಕವನ್ನು ಕಾಣುವುದು ಬೇರೆ, ಓದುವುದು ಬೇರೆ.

ಸಕ್ಕರೆ ಕಾಯಿಲೆಯ ಉದಾಹರಣೆಯನ್ನೇ ನೋಡೋಣ. ಭಾರತದ ಪ್ರಯೋಗಾಲಯಗಳು ರಕ್ತದ ಸಕ್ಕರೆಯನ್ನು ಒಂದು ಡೆಸಿಲೀಟರಿಗೆ ಇಷ್ಟು ಮಿಲಿಗ್ರಾಂ ಎಂದು ಬರೆಯುತ್ತವೆ. ಕೆನಡಾದಲ್ಲಿ ಒಂದು ಲೀಟರಿಗೆ ಇಷ್ಟು ಮಿಲಿಮೋಲ್ ಎಂದು ಬರೆಯುತ್ತಾರೆ. ಇಲ್ಲಿನ ಅಂಕಿಯನ್ನು 18ರಿಂದ ಗುಣಿಸಿದರೆ ಊರಿನ ಅಂಕಿ ಸಿಗುತ್ತದೆ. ಖಾಲಿ ಹೊಟ್ಟೆಯ ಸಕ್ಕರೆ 7.0 ಎಂದರೆ ಅದು ಊರಿನ 126; ಮಧುಮೇಹ ಎಂದು ಹೇಳಲು ಎರಡೂ ದೇಶಗಳು ಬಳಸುವ ಗೆರೆ ಅದೇ. ‘ಶುಗರ್ ನೂರ ಎಂಬತ್ತು’ ಎಂಬ ಮಾತಿಗೆ ಒಗ್ಗಿದ ಹಿರಿಯರಿಗೆ ಇಲ್ಲಿ ‘ಹತ್ತು’ ಕಾಣುತ್ತದೆ. ಹತ್ತು ಬಹಳ ಕಡಿಮೆಯಲ್ಲವೇ ಎಂದು ಅವರು ನೆಮ್ಮದಿಯಿಂದಿರಬಹುದು. ಇಪ್ಪತ್ತು ಎಂಬುದೂ ಅವರ ಕಿವಿಗೆ ಸಣ್ಣ ಸಂಖ್ಯೆಯೇ. ಊರಿನ ಲೆಕ್ಕದಲ್ಲಿ ಅದು 360. ಮೂತ್ರಪಿಂಡದ ಪರೀಕ್ಷೆಯಲ್ಲಿ ಇದರ ತಿರುವುಮುರುವು: ಊರಿನಲ್ಲಿ 1.0 ಇದ್ದ ಕ್ರಿಯಾಟಿನಿನ್ ಇಲ್ಲಿ 88 ಆಗಿ ಕಂಡು, ಏನೂ ಆಗದ ಮನುಷ್ಯ ರಾತ್ರಿಯಿಡೀ ನಿದ್ದೆಗೆಡುತ್ತಾನೆ. ಇವೆರಡರ ನಡುವೆ ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಮಾತ್ರ ಇಲ್ಲಿಯೂ ಶೇಕಡಾವಾರಿನಲ್ಲಿಯೇ ಬರುತ್ತದೆ. ಹಾಗಾಗಿ ಒಂದೇ ಕಾಗದದ ಮೇಲೆ ಸಕ್ಕರೆಯ ‘ಏಳು’ ಮತ್ತು ಎಚ್‌ಬಿಎ1ಸಿಯ ‘ಏಳು’ ಅಕ್ಕಪಕ್ಕ ಕುಳಿತು ಬೇರೆ ಬೇರೆ ಮಾತನ್ನು ಹೇಳುತ್ತವೆ.

ಇದು ಐದನೆಯ ತರಗತಿಯ ಗುಣಾಕಾರ. ಇದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಕೊಡಬಹುದು. ಆದರೆ ಊರಿನಿಂದ ಬಂದಿಳಿದ ತಾಯಿತಂದೆಯರಿಗೆ ಆ ಹಾಳೆಯನ್ನು ಯಾರೂ ಕೊಡುವುದಿಲ್ಲ. ನಮ್ಮ ಆರೋಗ್ಯ ವ್ಯವಸ್ಥೆ ವೈದ್ಯರ ಶುಲ್ಕವನ್ನು ಕೊಡುತ್ತದೆ, ಪರೀಕ್ಷೆಯ ವೆಚ್ಚವನ್ನು ಭರಿಸುತ್ತದೆ. ಅರ್ಥಮಾಡಿಕೊಳ್ಳುವ ಹೊರೆಯನ್ನು ಮಾತ್ರ ರೋಗಿಯ ಹೆಗಲಿಗೇ ಬಿಟ್ಟಿದೆ. ಭಾಷೆ ಬಲ್ಲವರಿಗೆ ಆ ಹೊರೆ ಹಗುರ, ಬಾರದವರಿಗೆ ಭಾರ. ಎಲ್ಲರಿಗೂ ಸಮಾನವಾದ ಚಿಕಿತ್ಸೆ ಎಂಬ ತತ್ತ್ವ ಸೋರಿಹೋಗುವುದು ಇಲ್ಲಿ.

ಹಾಗೆ ನೋಡಿದರೆ ಕಾನೂನು ರೋಗಿಯ ಪರವಾಗಿಯೇ ಇದೆ. ಒಂಟಾರಿಯೊದ 1996ರ ಆರೋಗ್ಯ ಸಮ್ಮತಿ ಕಾಯಿದೆಯ ಪ್ರಕಾರ, ಚಿಕಿತ್ಸೆಗೆ ಒಪ್ಪಿಗೆ ಪಡೆಯುವ ಮೊದಲು ಆರು ವಿಷಯಗಳನ್ನು ತಿಳಿಸಬೇಕು: ಚಿಕಿತ್ಸೆಯ ಸ್ವರೂಪ, ಅದರಿಂದ ನಿರೀಕ್ಷಿಸುವ ಪ್ರಯೋಜನ, ಮುಖ್ಯ ಅಪಾಯಗಳು, ಮುಖ್ಯ ಅಡ್ಡಪರಿಣಾಮಗಳು, ಇರುವ ಬೇರೆ ದಾರಿಗಳು, ಚಿಕಿತ್ಸೆ ಪಡೆಯದಿದ್ದರೆ ಆಗಬಹುದಾದ ಪರಿಣಾಮ. ರೋಗಿ ಮತ್ತೂ ಕೇಳಿದರೆ ಉತ್ತರಿಸಬೇಕು. ಈ ಕಾಯಿದೆಗೂ ಮೊದಲು, 1980ರಲ್ಲಿ, ಕೆನಡಾದ ಸರ್ವೋಚ್ಚ ನ್ಯಾಯಾಲಯ ರೀಬಲ್ ಮತ್ತು ಹ್ಯೂಸ್ ಪ್ರಕರಣದಲ್ಲಿ ಇದೇ ತತ್ತ್ವವನ್ನು ಎತ್ತಿಹಿಡಿಯಿತು. ಫೋರ್ಡ್ ಕಂಪನಿಯ ಕಾರ್ಮಿಕನಾಗಿದ್ದ ರೀಬಲ್‌ಗೆ 1970ರಲ್ಲಿ ಕುತ್ತಿಗೆಯ ರಕ್ತನಾಳದ ಶಸ್ತ್ರಚಿಕಿತ್ಸೆಯಾಯಿತು. ಅದರ ಬೆನ್ನಲ್ಲೇ ಪಾರ್ಶ್ವವಾಯು ಬಡಿಯಿತು. ಪೂರ್ಣ ನಿವೃತ್ತಿ ವೇತನಕ್ಕೆ ಆತನಿಗೆ ಸುಮಾರು ಒಂದೂವರೆ ವರ್ಷ ಉಳಿದಿತ್ತು. ಅಪಾಯ ಗೊತ್ತಿದ್ದರೆ ಅಷ್ಟು ಕಾಲ ಕಾಯಬಹುದಿತ್ತು. ಶಸ್ತ್ರಚಿಕಿತ್ಸೆಯಲ್ಲಿ ಕೈತಪ್ಪು ಇರಲಿಲ್ಲ, ತಿಳಿಸುವುದರಲ್ಲಿ ಕೊರತೆಯಿತ್ತು. ಅದಕ್ಕಾಗಿಯೇ ಪರಿಹಾರ ದೊರೆಯಿತು. ಆ ರೋಗಿಗೆ ಇಂಗ್ಲಿಷ್ ಸರಾಗವಾಗಿರಲಿಲ್ಲ ಎಂಬುದನ್ನೂ ನ್ಯಾಯಾಲಯ ಗಮನಿಸಿತ್ತು. ಹೇಳಿದರೆ ಸಾಲದು, ಕೇಳಿದವರಿಗೆ ತಿಳಿಯಬೇಕು ಎಂಬ ಈ ವಿವೇಕ ನಲವತ್ತು ವರ್ಷಗಳಿಗೂ ಹಳೆಯದು. ನಮ್ಮ ಮನೆಗಳಿಗೆ ಅದಿನ್ನೂ ಬಂದಿಲ್ಲ.

‘ಕನ್ನಡಿಗರಿಗೆ ಇಂಗ್ಲಿಷ್ ಬರುತ್ತದಲ್ಲ’ ಎಂಬ ಉತ್ತರ ಸಿದ್ಧವಾಗಿದೆ. ಟೊರಾಂಟೊ ಸುತ್ತಮುತ್ತ ಪಂಜಾಬಿ, ತಮಿಳು, ಉರ್ದು ಭಾಷೆಗಳ ಆರೋಗ್ಯ ಕರಪತ್ರಗಳು ಸಿಗುತ್ತವೆ. ಕನ್ನಡದವು ಸಿಗುವುದು ಅಪರೂಪ. ನಮ್ಮ ಸಂಖ್ಯೆ ಕಡಿಮೆ ಎಂಬುದು ಒಂದು ಕಾರಣವಾದರೆ, ನಾವೇ ಕೇಳದಿರುವುದು ಇನ್ನೊಂದು. ಕೇಳಿದರೆ ನಮ್ಮ ‘ಸಾಫ್ಟ್‌ವೇರ್ ಕನ್ನಡಿಗ’ ಎಂಬ ಗೌರವಕ್ಕೆ ಕುಂದು ಬಂದೀತೆಂಬ ಸಂಕೋಚವೂ ಇದೆ. ಆದರೆ ಕಚೇರಿಯ ಇಂಗ್ಲಿಷ್ ದೇಹದ ಇಂಗ್ಲಿಷ್ ಅಲ್ಲ. ಎದೆಯಲ್ಲಿ ‘ಹಿಡಿದಂತೆ’, ‘ಚುಚ್ಚಿದಂತೆ’, ‘ಉರಿದಂತೆ’, ‘ಭಾರ ಇಟ್ಟಂತೆ’ ಎಂಬ ನಾಲ್ಕು ನೋವುಗಳ ವ್ಯತ್ಯಾಸವನ್ನು ಹೇಳಲು ದಿನವಿಡೀ ಇಂಗ್ಲಿಷಿನಲ್ಲಿ ಸಭೆ ನಡೆಸುವವರೂ ತಡವರಿಸುತ್ತಾರೆ. ಹಾಸನದಿಂದಲೋ ಹುಬ್ಬಳ್ಳಿಯಿಂದಲೋ ಬಂದ ಎಪ್ಪತ್ತರ ಅಜ್ಜಿಯ ಪಾಡು ಹೇಳಬೇಕಾಗಿಯೇ ಇಲ್ಲ.

ಆಗ ಮಗನೋ ಸೊಸೆಯೋ ಮೊಮ್ಮಗಳೋ ದುಭಾಷಿಯಾಗುತ್ತಾರೆ. ಇದರಲ್ಲಿ ಪ್ರೀತಿಯಿದೆ, ಜೊತೆಗೆ ಕತ್ತರಿಯೂ ಇದೆ. ಮುಟ್ಟು ನಿಂತು ವರ್ಷಗಳಾದ ಮೇಲೆ ಕಾಣಿಸಿಕೊಂಡ ರಕ್ತಸ್ರಾವವನ್ನು ತಾಯಿ ಮಗನ ಎದುರು ಹೇಳುವುದಿಲ್ಲ. ಮೂತ್ರ ಕಟ್ಟುವ ತೊಂದರೆಯನ್ನು ಮಾವ ಸೊಸೆಯ ಬಾಯಲ್ಲಿ ಹೇಳಿಸುವುದಿಲ್ಲ. ಬದುಕು ಸಾಕಾಗಿದೆ ಎಂಬ ಮಾತನ್ನಂತೂ ಮನೆಯವರು ‘ಸ್ವಲ್ಪ ಬೇಜಾರು’ ಎಂದು ಅನುವಾದಿಸಿ ಮುಗಿಸುತ್ತಾರೆ. ಯಾವ ಹೆಣ್ಣು ಯಾರೆದುರು ತನ್ನ ದೇಹದ ಬಗ್ಗೆ ಮಾತನಾಡಬಹುದು ಎಂಬ ಊರಿನ ಕಟ್ಟಳೆ ಸಾಗರ ದಾಟಿ ಬಂದು ವೈದ್ಯರ ಕೋಣೆಯಲ್ಲಿ ಕುಳಿತಿರುತ್ತದೆ. ಇಲ್ಲಿನ ಅನೇಕ ಆಸ್ಪತ್ರೆಗಳಲ್ಲಿ ದೂರವಾಣಿಯ ಮೂಲಕ ದುಭಾಷಿಯನ್ನು ಒದಗಿಸುವ ವ್ಯವಸ್ಥೆಯಿದೆ. ಆದರೆ ‘ಕನ್ನಡ’ ಎಂದು ಹೆಸರಿಟ್ಟು ಕೇಳಬೇಕು. ಕೇಳದಿದ್ದರೆ ಭಾರತೀಯರೆಂದ ಮೇಲೆ ಹಿಂದಿ ಸಾಕೆಂದು ಭಾವಿಸಿಬಿಡುತ್ತಾರೆ.

ರೋಗವಿಲ್ಲದವರಲ್ಲಿ ರೋಗವನ್ನು ಮೊದಲೇ ಹುಡುಕುವ ಪರೀಕ್ಷೆಗಳ ವಿಷಯದಲ್ಲಿ ಈ ಮೌನ ಇನ್ನೂ ದುಬಾರಿ. ಒಂಟಾರಿಯೊದಲ್ಲಿ 50ರಿಂದ 74 ವಯಸ್ಸಿನ, ಹೆಚ್ಚಿನ ಅಪಾಯವಿಲ್ಲದವರಿಗೆ ಎರಡು ವರ್ಷಕ್ಕೊಮ್ಮೆ ಕರುಳಿನ ಕ್ಯಾನ್ಸರ್ ತಪಾಸಣೆ ಉಚಿತ. 2019ರಿಂದ ಇದಕ್ಕೆ ‘ಫಿಟ್’ ಎಂಬ ಪರೀಕ್ಷೆ ಬಂದಿದೆ. ಅಂಚೆಯಲ್ಲಿ ಪುಟ್ಟ ಕೊಳವೆ ಬರುತ್ತದೆ. ಮನೆಯಲ್ಲೇ ಮಲದ ಚೂರನ್ನು ಅದರಲ್ಲಿ ತೆಗೆದು ಹಿಂದಕ್ಕೆ ಕಳುಹಿಸಬೇಕು. ಕಣ್ಣಿಗೆ ಕಾಣದ ರಕ್ತವನ್ನು ಅದು ಪತ್ತೆಹಚ್ಚುತ್ತದೆ. ಬೇಗ ಸಿಕ್ಕರೆ ಈ ಕ್ಯಾನ್ಸರಿನ ಹತ್ತರಲ್ಲಿ ಒಂಬತ್ತು ಪ್ರಕರಣಗಳು ಗುಣವಾಗುತ್ತವೆ. ಆದರೂ ಆ ಲಕೋಟೆ ಎಷ್ಟೋ ಮನೆಗಳ ಕಪಾಟಿನಲ್ಲಿ ಅವಧಿ ಮೀರುವವರೆಗೆ ಕುಳಿತಿರುತ್ತದೆ. ಮಲವನ್ನು ಮುಟ್ಟುವುದು, ಅದನ್ನು ಅಂಚೆಗೆ ಹಾಕುವುದು ನಮ್ಮ ಮಡಿಮೈಲಿಗೆಯ ಮನಸ್ಸಿಗೆ ಒಗ್ಗುವುದಿಲ್ಲ. ಶೌಚದ ಕೆಲಸವನ್ನು ತಲೆಮಾರುಗಳ ಕಾಲ ಬೇರೊಂದು ಜಾತಿಯ ಹೆಗಲಿಗೆ ಹೊರಿಸಿದ ಸಮಾಜ, ಈಗ ತನ್ನ ಜೀವ ಉಳಿಸಿಕೊಳ್ಳಲೂ ಹಿಂಜರಿಯುವುದು ಆ ವ್ಯವಸ್ಥೆಯ ಕಹಿ ವ್ಯಂಗ್ಯ.

ಇದಕ್ಕೆ ಭಾಷೆಯ ಗೊಂದಲವೂ ಸೇರುತ್ತದೆ. ನಮ್ಮ ಆಡುಮಾತಿನಲ್ಲಿ ‘ಪಾಸಿಟಿವ್’ ಎಂದರೆ ಒಳ್ಳೆಯದು, ವೈದ್ಯರ ಮಾತಿನಲ್ಲಿ ಹುಡುಕಿದ್ದು ಸಿಕ್ಕಿತು ಎಂದು. ಫಿಟ್ ಫಲಿತಾಂಶ ಅಸಹಜವಾಗಿದ್ದರೆ ಅದು ಕ್ಯಾನ್ಸರ್ ಎಂದಲ್ಲ. ಎಂಟು ವಾರಗಳೊಳಗೆ ಕೊಲೊನೊಸ್ಕೋಪಿ ಮಾಡಿಸಿ ನಿಜ ತಿಳಿಯಬೇಕೆಂದು ಅರ್ಥ. ಹುಡುಕುವ ಪರೀಕ್ಷೆ ಬೇರೆ, ನಿರ್ಣಯಿಸುವ ಪರೀಕ್ಷೆ ಬೇರೆ. ಇಷ್ಟನ್ನು ಸರಳವಾಗಿ ಹೇಳಿದರೆ ಭಯದಿಂದ ಹಿಂದೆ ಸರಿಯುವವರ ಸಂಖ್ಯೆ ಕಡಿಮೆಯಾದೀತು. 2024ರ ಅಕ್ಟೋಬರಿನಿಂದ 40 ತುಂಬಿದ ಮಹಿಳೆಯರು ವೈದ್ಯರ ಚೀಟಿಯಿಲ್ಲದೆ ತಾವೇ ಸ್ತನ ತಪಾಸಣೆಗೆ ಸಮಯ ಗೊತ್ತುಮಾಡಿಕೊಳ್ಳಬಹುದು ಎಂಬುದೂ ನಮ್ಮ ಎಷ್ಟು ಮನೆಗಳಿಗೆ ತಿಳಿದಿದೆ?

ಸೂಪರ್ ವೀಸಾದಲ್ಲಿ ಬಂದ ತಾಯಿತಂದೆಯರಿಗಂತೂ ಈ ಉಚಿತ ವ್ಯವಸ್ಥೆಯ ಬಾಗಿಲೇ ಇಲ್ಲ. ಅವರಿಗೆ ಕನಿಷ್ಠ ಒಂದು ಲಕ್ಷ ಡಾಲರಿನ ಖಾಸಗಿ ವಿಮೆ ಕಡ್ಡಾಯ. ಮೊದಲೇ ಇದ್ದ ಕಾಯಿಲೆ ಇಂತಿಷ್ಟು ದಿನ ಸ್ಥಿರವಾಗಿರಬೇಕು, ಮಾತ್ರೆಯ ಪ್ರಮಾಣ ಬದಲಾಗಿರಬಾರದು ಎಂಬ ಷರತ್ತು ಹಲವು ವಿಮಾಪತ್ರಗಳಲ್ಲಿ ಸಣ್ಣ ಅಕ್ಷರಗಳಲ್ಲಿದೆ. ಅದನ್ನು ಓದದೆ ಕೆಲವರು ಬಿ.ಪಿ. ಮಾತ್ರೆಯ ವಿಷಯವನ್ನು ಮುಚ್ಚಿಡುತ್ತಾರೆ. ಮುಚ್ಚಿಟ್ಟದ್ದೇ ಮುಂದೆ ವಿಮೆಯ ಹಣ ನಿರಾಕರಿಸಲು ಕಾರಣವಾಗಬಹುದು. ಇನ್ನು ಕೆಲವರು ಊರಿಗೆ ಹೋದಾಗ ತೋರಿಸಿದರಾಯಿತು ಎಂದು ಎದೆನೋವನ್ನೂ ಮುಂದೂಡುತ್ತಾರೆ.

ತಿಳಿವಳಿಕೆಯ ಜಾಗ ಖಾಲಿ ಉಳಿಯುವುದಿಲ್ಲ. ಅದನ್ನು ವಾಟ್ಸ್ಆ್ಯಪ್ ತುಂಬಿದೆ. ಕನ್ನಡದಲ್ಲಿ ಆರೋಗ್ಯದ ಬಗ್ಗೆ ಅಚ್ಚುಕಟ್ಟಾಗಿ, ಆತ್ಮೀಯವಾಗಿ ಮಾತನಾಡುವುದು ಇಂದು ಹಾಗಲಕಾಯಿ ರಸದಿಂದ ಇನ್ಸುಲಿನ್ ಬಿಡಿಸುವ ಸಂದೇಶಗಳೇ. ಕೆಲವು ಆಯುರ್ವೇದ ಉತ್ಪನ್ನಗಳಲ್ಲಿ ಸೀಸ, ಪಾದರಸಗಳಂಥ ಭಾರಲೋಹಗಳಿವೆ ಎಂದು ಹೆಲ್ತ್ ಕೆನಡಾ 2005ರಲ್ಲಿಯೇ ಎಚ್ಚರಿಸಿತ್ತು. ಆ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು, ಸಂದೇಶ ಕನ್ನಡದಲ್ಲಿತ್ತು. ಯಾವುದು ಅಜ್ಜನಿಗೆ ತಲುಪಿತು ಎಂದು ಕೇಳಬೇಕಿಲ್ಲ.

ಕನ್ನಡಕ್ಕೆ ಈ ಕೆಲಸ ಹೊಸದೇನಲ್ಲ. ವೈದ್ಯೆಯೂ ಕಾದಂಬರಿಕಾರ್ತಿಯೂ ಆಗಿದ್ದ ಅನುಪಮಾ ನಿರಂಜನ ‘ತಾಯಿ ಮಗು’, ‘ಕೇಳು ಕಿಶೋರಿ’ಗಳ ಮೂಲಕ ಹೆಣ್ಣುಮಕ್ಕಳಿಗೆ ಅವರ ದೇಹವನ್ನು ಅವರ ಭಾಷೆಯಲ್ಲಿ ಪರಿಚಯಿಸಿದರು. ‘ಕೊರವಂಜಿ’ಯ ಡಾ. ಎಂ. ಶಿವರಾಂ ಮನೋವಿಜ್ಞಾನವನ್ನು ಕುರಿತು ಬರೆದ ‘ಮನಮಂಥನ’ಕ್ಕೆ 1976ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪರಂಪರೆಯ ವಾರಸುದಾರರಾದ ನಾವು ಇಲ್ಲಿ ಮಾಡಬೇಕಾದದ್ದು ಗ್ರಂಥರಚನೆಯಲ್ಲ, ಹತ್ತು ಹಾಳೆಗಳು. ಎರಡು ದೇಶಗಳ ಅಂಕಿಗಳ ಹೋಲಿಕೆ. ಸಾಮಾನ್ಯ ರಕ್ತಪರೀಕ್ಷೆಗಳ ಅರ್ಥ. ತಪಾಸಣೆಗಳ ವಯಸ್ಸು ಮತ್ತು ಅವಧಿ. ಸಮ್ಮತಿಗೆ ಮುನ್ನ ಕೇಳಬೇಕಾದ ಆರು ಪ್ರಶ್ನೆಗಳು. ವಿಮಾಪತ್ರ ಓದುವ ಬಗೆ. 811ಕ್ಕೆ ಕರೆ ಮಾಡಿ ನರ್ಸ್ ಜೊತೆ ಮಾತನಾಡುವ ಕ್ರಮ. ‘ಗ್ಲೈಕೋಸಿಲೇಟೆಡ್ ಹಿಮೋಗ್ಲೋಬಿನ್’ ಎಂಬುದರ ಬದಲಿಗೆ ‘ರಕ್ತವರ್ಣಕ ಶರ್ಕರೀಕರಣ’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಮೂರು ತಿಂಗಳ ಶುಗರ್’ ಎಂದರೆ ಎಲ್ಲರಿಗೂ ತಿಳಿಯುತ್ತದೆ.

ವೈದ್ಯರಲ್ಲದವರು ವೈದ್ಯಕೀಯ ವಿಷಯ ಬರೆಯುವುದು ಅಪಾಯವಲ್ಲವೇ ಎಂಬ ಆಕ್ಷೇಪ ನ್ಯಾಯವಾದದ್ದು. ಆದ್ದರಿಂದಲೇ ಪ್ರತಿ ಹಾಳೆಯನ್ನೂ ಇಲ್ಲಿನ ಕನ್ನಡ ವೈದ್ಯರು, ನರ್ಸ್‌ಗಳು, ಫಾರ್ಮಸಿಸ್ಟ್‌ಗಳು ಪರಿಶೀಲಿಸಬೇಕು. ಪರಿಶೀಲಿಸಿದ ದಿನಾಂಕ ಅದರ ಮೇಲಿರಬೇಕು. ಔಷಧಿಯ ಪ್ರಮಾಣದ ಗೊಡವೆಗೆ ಹೋಗಬಾರದು. ಮಾಹಿತಿ ಕೊಡುವುದು ಬೇರೆ, ಸಲಹೆ ಕೊಡುವುದು ಬೇರೆ. ಸರ್ಕಾರ ಮಾಡಬೇಕಾದ ಕೆಲಸವನ್ನು ಸಂಘಗಳು ಏಕೆ ಹೊರಬೇಕು ಎಂಬ ಪ್ರಶ್ನೆಯೂ ಸರಿಯೇ. ಒಂಟಾರಿಯೊದಲ್ಲಿ 20 ಲಕ್ಷಕ್ಕೂ ಹೆಚ್ಚು ಜನರಿಗೆ ಕುಟುಂಬ ವೈದ್ಯರೇ ಇಲ್ಲವೆಂದು ಕುಟುಂಬ ವೈದ್ಯರ ಸಂಸ್ಥೆಯೇ ಹೇಳುತ್ತಿರುವಾಗ, ಕರಪತ್ರ ಆ ಕೊರತೆಯನ್ನು ತುಂಬಲಾರದು. ಹಾಳೆಗಳನ್ನು ಸಿದ್ಧಪಡಿಸುತ್ತಲೇ ಆಸ್ಪತ್ರೆಗಳನ್ನೂ ಶಾಸಕರನ್ನೂ ಕೇಳಬೇಕು: ನಿಮ್ಮ ಭಾಷಾಪಟ್ಟಿಯಲ್ಲಿ ಕನ್ನಡ ಎಲ್ಲಿದೆ?

ರಾಜ್ಯೋತ್ಸವದ ವೇದಿಕೆಯ ಮೇಲೆ ಕನ್ನಡ ನಮ್ಮ ಉಸಿರು ಎಂದು ಪ್ರತಿ ನವೆಂಬರಿನಲ್ಲಿ ಹೇಳುತ್ತೇವೆ. ಉಸಿರು ಕಟ್ಟಿದ ಹೊತ್ತಿನಲ್ಲಿ ಆ ಭಾಷೆ ಒದಗದಿದ್ದರೆ ಆ ಮಾತಿಗೆ ಬೆಲೆಯೇನು? ಮುಂದಿನ ರಾಜ್ಯೋತ್ಸವದ ಸಭಾಂಗಣದ ಬಾಗಿಲಲ್ಲಿ, ಊಟದ ಕೂಪನ್ ಕೊಡುವ ಮೇಜಿನ ಪಕ್ಕದಲ್ಲಿ, ಇನ್ನೊಂದು ಮೇಜನ್ನಿಟ್ಟು ಮೊದಲ ಹಾಳೆಯನ್ನು ಹಂಚೋಣ. ಹದಿನೆಂಟರ ಮಗ್ಗಿಯಿಂದಲೇ ಆರಂಭವಾಗಲಿ.