ಎಡ್ವರ್ಡನ ಮುತ್ತಜ್ಜ

ಸ್ಟೆಫನಿ ಮೇಯರ್ ಅವರ ‘ಟ್ವಿಲೈಟ್’ ಕಾದಂಬರಿ ಮಾಲೆಯನ್ನು (2005–2008) ಮಗಳು ಊಟ ಬಿಟ್ಟು ಓದುತ್ತಾಳೆಂಬುದು ಕೆಲವು ತಾಯಂದಿರ ದೂರು. ಓದಲಿ ಬಿಡಿ. ನಾಯಕ ಎಡ್ವರ್ಡ್ ರಕ್ತ ಕುಡಿಯುವ ವ್ಯಾಂಪೈರ್. ಆದರೆ ಪ್ರಾಣಿಗಳ ರಕ್ತದಲ್ಲೇ ತೃಪ್ತ. ಬೆಲ್ಲಾ ಎಂಬ ಹುಡುಗಿಯನ್ನು ಪ್ರೀತಿಸಿ, ಅವಳಿಗಾಗಿ ತನ್ನ ಕುಲದವರೊಡನೆಯೇ ಕಾದಾಡುತ್ತಾನೆ. ಬಿಸಿಲಿಗೆ ಬಂದರೆ ಬೂದಿಯಾಗುವುದಿಲ್ಲ, ಮಿರಮಿರನೆ ಮಿನುಗುತ್ತಾನೆ!

ಈ ಚೆಲುವನ ಮುತ್ತಜ್ಜ ಮಾತ್ರ ಚೆಲುವನಲ್ಲ. 1725ರಲ್ಲಿ, ಆಗ ಆಸ್ಟ್ರಿಯಾದ ಆಳ್ವಿಕೆಯಲ್ಲಿದ್ದ ಸರ್ಬಿಯಾದ ಹಳ್ಳಿಯೊಂದರಲ್ಲಿ ಎಂಟು ದಿನದೊಳಗೆ ಒಂಬತ್ತು ಮಂದಿ ಸತ್ತರು. ಕೆಲವು ವಾರಗಳ ಹಿಂದೆ ತೀರಿಕೊಂಡಿದ್ದ ಪೀಟರ್ ಬ್ಲಾಗೊಯೆವಿಚ್ ರಾತ್ರಿ ಬಂದು ಕತ್ತು ಹಿಸುಕಿದನೆಂದು ಅವರು ಸಾಯುವ ಮುನ್ನ ಹೇಳಿದ್ದರಂತೆ. ಜನ ಗೋರಿ ಅಗೆದರು. ದೇಹ ಕೊಳೆತಂತಿಲ್ಲ, ಉಗುರು ಹೊಸದು, ಬಾಯಲ್ಲಿ ರಕ್ತ! ಎದೆಗೆ ಗೂಟ ಹೊಡೆದು ಸುಟ್ಟರು.

ವಿಜ್ಞಾನದ ವಿದ್ಯಾರ್ಥಿಗೆ ಇದು ಸೋಜಿಗವೇನಲ್ಲ. ತಂಪು ನೆಲದಲ್ಲಿ, ಗಾಳಿಯಾಡದ ಗುಂಡಿಯಲ್ಲಿ ಹೆಣ ನಿಧಾನವಾಗಿ ಕೊಳೆಯುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ಅನಿಲ ಹುಟ್ಟಿಸಿದಾಗ ಹೊಟ್ಟೆ ಉಬ್ಬಿ, ಕೆಂಗಪ್ಪು ದ್ರವ ಬಾಯಿಗೆ ನುಗ್ಗುತ್ತದೆ. ಮೇಲ್ಚರ್ಮ, ಉಗುರು ಕಳಚಿದರೆ ಕೆಳಗಿನ ಪದರ ಹೊಸ ಚರ್ಮದಂತೆ ತೋರುತ್ತದೆ. ಗೂಟ ಚುಚ್ಚಿದಾಗ ಹೆಣ ನರಳಿತೆಂಬ ವರದಿಗಳೂ ಇವೆ. ಒಳಗಿದ್ದ ಗಾಳಿ ಗಂಟಲ ಮೂಲಕ ಹೊರಬಿದ್ದರೆ ಸದ್ದಾಗದೆ ಇರುತ್ತದೆಯೇ?

ತಮಾಷೆಯ ಮಾತಲ್ಲ ಇದು. 1755ರಲ್ಲಿ ಮೊರಾವಿಯಾ–ಸೈಲೀಷಿಯಾ ಗಡಿಯ ಹಳ್ಳಿಯೊಂದರಲ್ಲಿ ರೊಸಿನಾ ಎಂಬ ಹೆಂಗಸಿನ ಹೆಣ ಹೊರತೆಗೆದು, ಬಂಧುಗಳ ಕೈಯಲ್ಲೇ ಎಳೆಸಿ ಸುಡಿಸಿದರು. ಸುದ್ದಿ ರಾಣಿ ಮರಿಯಾ ತೆರೇಸಾಳನ್ನು ಮುಟ್ಟಿತು. ಆಕೆಯ ವೈದ್ಯ ಗೆರಾರ್ಡ್ ವಾನ್ ಸ್ವೀಟನ್ ಎಲ್ಲಕ್ಕೂ ಸಹಜ ಕಾರಣಗಳಿವೆಯೆಂದು ವರದಿ ಬರೆದ. ವ್ಯಾಂಪೈರ್ ಹೆಸರಿನಲ್ಲಿ ಹೆಣ ಅಗೆಯುವುದನ್ನು, ಸುಡುವುದನ್ನು ರಾಣಿ ಅದೇ ವರ್ಷ ನಿಷೇಧಿಸಿದಳು.