ಕಡಲಿಗೂ ಗುಡ್ಡಕ್ಕೂ ಒಬ್ಬರೇ ಎಂಪಿ: ಮುಂದಿನ ಗೆರೆ ಎಳೆಯುವಾಗ ನಾವೆಲ್ಲಿ?

ಮೂಡಿಗೆರೆ ಕಡೆ ಅಂಗಡಿ ಇಟ್ಟಿರುವ ನಮ್ಮ ಕಾಕ ಒಬ್ಬರು ಮದುವೆಗೆಂದು ಕಾಪುವಿಗೆ ಬಂದಿದ್ದರು. ಊಟ ಮುಗಿಸಿ ಕೂತಾಗ, "ಉಸ್ತಾದ್, ನಮ್ಮ ಎಂಪಿ ಗುಡ್ಡದ ಮೇಲಿನವರಾ, ಕೆಳಗಿನವರಾ?" ಅಂತ ಕೇಳಿದರು. ನಗುತ್ತಲೇ ಕೇಳಿದ್ದು. ಆದರೆ ಮಾತಿನಲ್ಲಿ ತೂಕ ಇತ್ತು.

ಉಡುಪಿ-ಚಿಕ್ಕಮಗಳೂರು ಲೋಕಸಭಾ ಕ್ಷೇತ್ರಕ್ಕೆ ಎಂಟು ವಿಧಾನಸಭಾ ಕ್ಷೇತ್ರಗಳು. ಕೆಳಗೆ ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ಮೇಲೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ನಡುವೆ ಪಶ್ಚಿಮ ಘಟ್ಟ. ಮತದಾರರು 15 ಲಕ್ಷಕ್ಕೂ ಹೆಚ್ಚು. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಇದು ಹುಟ್ಟಿತು. ಅದಕ್ಕೆ ಮೊದಲು ಉಡುಪಿಗೊಂದು, ಚಿಕ್ಕಮಗಳೂರಿಗೊಂದು ಲೋಕಸಭಾ ಸ್ಥಾನ ಇತ್ತು. 1978ರ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿ ಗೆದ್ದು ಬಂದದ್ದು ಅದೇ ಹಳೆಯ ಚಿಕ್ಕಮಗಳೂರಿನಿಂದ.

ಹೊಸ ಕ್ಷೇತ್ರದಿಂದ ಇಲ್ಲಿವರೆಗೆ ಗೆದ್ದವರು ನಾಲ್ವರು. 2009ರಲ್ಲಿ ಡಿ.ವಿ. ಸದಾನಂದ ಗೌಡ, 2012ರ ಉಪಚುನಾವಣೆಯಲ್ಲಿ ಜಯಪ್ರಕಾಶ್ ಹೆಗ್ಡೆ, 2014 ಮತ್ತು 2019ರಲ್ಲಿ ಶೋಭಾ ಕರಂದ್ಲಾಜೆ, 2024ರಲ್ಲಿ ಕೋಟ ಶ್ರೀನಿವಾಸ ಪೂಜಾರಿ. ಪಕ್ಷ ಯಾವುದೇ ಇರಲಿ, ನಾಲ್ವರೂ ಹಳೆಯ ಅವಿಭಜಿತ ದಕ್ಷಿಣ ಕನ್ನಡದವರು. ಮೇಲಿನ ನಾಲ್ಕು ಕ್ಷೇತ್ರಗಳ ಊರಿನವರು ಒಬ್ಬರೂ ಇಲ್ಲ. ಕಾಕನ ಪ್ರಶ್ನೆಗೆ ಉತ್ತರ ಅಲ್ಲೇ ಇದೆ.

ಇದರಲ್ಲಿ ಯಾರನ್ನೂ ದೂರುವುದಕ್ಕಿಲ್ಲ. ಒಬ್ಬ ಮನುಷ್ಯ ಎಷ್ಟು ಕಡೆ ಓಡಾಡಬಹುದು? ಕೆಳಗೆ ಮೀನುಗಾರಿಕೆ, ಕರಾವಳಿ ನಿಯಂತ್ರಣ ವಲಯ, ಹೆದ್ದಾರಿ 66. ಮೇಲೆ ಕಾಫಿ ಮಂಡಳಿ, ಕಾಳುಮೆಣಸಿನ ಆಮದು, ಆನೆ ಹಾವಳಿ, ಕಸ್ತೂರಿರಂಗನ್ ವರದಿ. ಎಲ್ಲವೂ ದಿಲ್ಲಿಗೆ ಹೋಗಿ ಮಾತಾಡಬೇಕಾದ ವಿಷಯಗಳೇ. ಸಂಸದರ ನಿಧಿ ವರ್ಷಕ್ಕೆ 5 ಕೋಟಿ ರೂಪಾಯಿ. ಎಂಟಕ್ಕೆ ಹಂಚಿದರೆ ಒಂದು ವಿಧಾನಸಭಾ ಕ್ಷೇತ್ರಕ್ಕೆ ಬರುವುದು 62 ಲಕ್ಷ ಚಿಲ್ಲರೆ. ಅಷ್ಟರಲ್ಲಿ ಎಷ್ಟು ಊರಿನ ರಸ್ತೆ, ಎಷ್ಟು ಕಾಲುಸಂಕ ಆದೀತು, ನೀವೇ ಲೆಕ್ಕ ಹಾಕಿ.

ಗೆರೆ ಎಳೆದ ರೀತಿಯನ್ನೂ ಸ್ವಲ್ಪ ನೋಡಬೇಕು. ಬೈಂದೂರು ಉಡುಪಿ ಜಿಲ್ಲೆಯಲ್ಲಿದೆ, ಮತ ಶಿವಮೊಗ್ಗ ಕ್ಷೇತ್ರಕ್ಕೆ. ಕಡೂರು ಚಿಕ್ಕಮಗಳೂರು ಜಿಲ್ಲೆಯಲ್ಲಿದೆ, ಮತ ಹಾಸನಕ್ಕೆ. ಚಾರ್ಮಾಡಿ ಘಾಟಿ ಒಂದೇ ರಸ್ತೆ. ಆದರೆ ಮೇಲಿನ ಮೂಡಿಗೆರೆಗೆ ಒಬ್ಬ ಸಂಸದರು, ಕೆಳಗಿನ ಬೆಳ್ತಂಗಡಿಗೆ ಇನ್ನೊಬ್ಬರು. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಬಂದ್ ಆದಾಗ ಎರಡೂ ಕಡೆಯವರಿಗೆ ಕಷ್ಟ ಒಂದೇ ಆಗಿತ್ತು, ಕದ ತಟ್ಟಬೇಕಾದ ಮನೆ ಮಾತ್ರ ಎರಡು.

ಇದನ್ನೆಲ್ಲ ಈಗ ಹೇಳುವುದಕ್ಕೆ ಕಾರಣ ಇದೆ. ಕರ್ನಾಟಕದ 28 ಸ್ಥಾನಗಳು 1971ರ ಜನಗಣತಿಯ ಲೆಕ್ಕ. ಈಗಿರುವ ಗಡಿಗಳು 2001ರ ಜನಗಣತಿಯ ಲೆಕ್ಕ. 2027ರ ಜನಗಣತಿಯ ಬಳಿಕ ಮರುವಿಂಗಡಣೆಯ ಮಾತು ಮತ್ತೆ ಜೋರಾಗುತ್ತದೆ. ದಕ್ಷಿಣದ ರಾಜ್ಯಗಳಿಗೆ ಸ್ಥಾನ ಕಡಿಮೆಯಾಗುತ್ತದೋ ಎಂಬ ಚರ್ಚೆ ಟಿವಿಯಲ್ಲಿ ದಿನಾ ಇರುತ್ತದೆ. ಅದು ಬೇಕಾದ್ದೇ. ಆದರೆ ರಾಜ್ಯದೊಳಗೆ ಗೆರೆ ಎಲ್ಲಿ ಬೀಳುತ್ತದೆ ಅನ್ನುವುದನ್ನು ಯಾರೂ ಕೇಳುತ್ತಿಲ್ಲ.

ಕಳೆದ ಸಲ ಅನ್ವಯವಾದ 2002ರ ಕಾಯ್ದೆ ಸ್ಪಷ್ಟವಾಗಿ ಹೇಳಿತ್ತು: ಕ್ಷೇತ್ರಗಳು ಆದಷ್ಟು ಒಟ್ಟಾಗಿರುವ ಪ್ರದೇಶಗಳಾಗಿರಬೇಕು, ಬೆಟ್ಟ-ನದಿಯಂಥ ಭೌಗೋಳಿಕ ಲಕ್ಷಣ, ಈಗಿರುವ ಆಡಳಿತದ ಗಡಿ, ಸಂಪರ್ಕ ಸೌಲಭ್ಯ, ಜನರ ಅನುಕೂಲ ನೋಡಬೇಕು. ಆಯೋಗ ಮೊದಲು ಕರಡನ್ನು ಗೆಜೆಟ್‌ನಲ್ಲಿ ಪ್ರಕಟಿಸಬೇಕು, ಆಕ್ಷೇಪಣೆಗೆ ದಿನಾಂಕ ಕೊಡಬೇಕು, ಸಾರ್ವಜನಿಕವಾಗಿ ಅಹವಾಲು ಕೇಳಬೇಕು. ಕರ್ನಾಟಕದಂಥ ರಾಜ್ಯದಿಂದ ಐವರು ಸಂಸದರು, ಐವರು ಶಾಸಕರು ಆಯೋಗದ ಜೊತೆ ಕೂರುತ್ತಾರೆ, ಆದರೆ ಅವರಿಗೆ ಮತದ ಹಕ್ಕಿಲ್ಲ. ಕೊನೆಯ ಆದೇಶ ಹೊರಬಿದ್ದರೆ ಅದು ಕಾನೂನಿನಷ್ಟೇ ಗಟ್ಟಿ. ಅಂದರೆ ಮಾತಾಡುವ ಸಮಯ ಕರಡಿಗೂ ಆದೇಶಕ್ಕೂ ನಡುವಿನ ಆ ಕೆಲವು ದಿನ ಮಾತ್ರ.

ಆ ದಿನಗಳಲ್ಲಿ ಪಕ್ಷಗಳ ಕಚೇರಿಯವರು ಖಂಡಿತ ಹೋಗುತ್ತಾರೆ. ನಾವು? ನಮ್ಮಲ್ಲಿ ಚುನಾವಣೆ ಬಂದರೆ ಯಾರಿಗೆ ಟಿಕೆಟ್, ಯಾರು ಗೆದ್ದಾರು ಎಂಬ ಮಾತು ರಾತ್ರಿ ಹನ್ನೆರಡರವರೆಗೂ ನಡೆಯುತ್ತದೆ. ಗೆರೆಯ ಬಗ್ಗೆ ಅರ್ಜಿ ಬರೆದವರನ್ನು ನಾನಂತೂ ನೋಡಿಲ್ಲ.

ಈ ಅರ್ಜಿ ಒಂದು ಸಮುದಾಯದ ಹೆಸರಿನಲ್ಲಿ ಆಗಬಾರದು. ಘಾಟಿ ರಸ್ತೆ ಬಂದ್ ಆದರೆ ಒಣಮೀನು ಮಾರುವ ಬ್ಯಾರಿಗೂ ನಷ್ಟ, ಕಾಫಿ ಬೆಳೆಯುವ ಗೌಡರಿಗೂ ನಷ್ಟ. ಜಮಾಅತ್ ಕಮಿಟಿಯವರು, ಬೆಳೆಗಾರರ ಸಂಘದವರು, ಮೀನುಗಾರರು ಒಂದೇ ಕಾಗದಕ್ಕೆ ಸಹಿ ಹಾಕಿದರೆ ಅದಕ್ಕೆ ಬೆಲೆ ಬರುತ್ತದೆ. ನಿಮ್ಮ ಊರಿನಿಂದ ತಾಲೂಕು ಕೇಂದ್ರಕ್ಕೆ, ಜಿಲ್ಲಾ ಕೇಂದ್ರಕ್ಕೆ ಎಷ್ಟು ದೂರ, ಬಸ್ ಎಷ್ಟು, ಮಳೆಗಾಲದಲ್ಲಿ ಎಷ್ಟು ದಿನ ದಾರಿ ಬಂದ್: ಇದನ್ನು ಈಗಿಂದಲೇ ಬರೆದಿಟ್ಟುಕೊಳ್ಳಿ. ಜನಗಣತಿಯವರು ಮನೆಗೆ ಬಂದಾಗ ಒಬ್ಬರ ಹೆಸರೂ ಬಿಟ್ಟು ಹೋಗದಂತೆ ಬರೆಸಿ. ಎಲ್ಲ ಲೆಕ್ಕ ಶುರುವಾಗುವುದು ಅಲ್ಲಿಂದಲೇ.

ಕಾಕನಿಗೆ ನಾನು ಅಂದು ಹೇಳಿದ್ದು ಇಷ್ಟೇ: ಎಂಪಿ ಎಲ್ಲಿಯವರು ಅನ್ನುವುದಕ್ಕಿಂತ, ನಿಮ್ಮ ಊರು ಯಾರ ಜೊತೆ ಸೇರಬೇಕು ಎಂದು ಕೇಳುವ ದಿನ ನೀವು ಎಲ್ಲಿರುತ್ತೀರಿ ಅನ್ನುವುದು ದೊಡ್ಡದು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ದಿನಾಂಕ ಗೊತ್ತಾದರೆ ಫೋನ್ ಮಾಡಿ, ಅಂಗಡಿ ಮುಚ್ಚಿ ಬರುತ್ತೇನೆ" ಅಂದರು.