ಮುತ್ತು ಕಟ್ಟಿಸಿಕೊಂಡವರಿಗೂ ಮಹಿಳಾ ಹಕ್ಕುಗಳ ಒಪ್ಪಂದ ಸಲ್ಲಲಿ



ಮಹಿಳೆಯರ ವಿರುದ್ಧದ ಎಲ್ಲ ಬಗೆಯ ತಾರತಮ್ಯ ಕೊನೆಗಾಣಿಸುವ ಒಪ್ಪಂದವನ್ನು ವಿಶ್ವಸಂಸ್ಥೆಯ ಮಹಾಸಭೆ 1979ರ ಡಿಸೆಂಬರ್ 18ರಂದು ಅಂಗೀಕರಿಸಿತು. ಭಾರತ 1980ರಲ್ಲಿ ಸಹಿ ಹಾಕಿತು, 1993ರಲ್ಲಿ ಅನುಮೋದಿಸಿತು. ಆದರೆ ಹೆಣ್ಣನ್ನು ಕೀಳೆಂದು ಕಾಣುವ ರೂಢಿಗಳನ್ನು ಬದಲಿಸಬೇಕೆನ್ನುವ 5ನೇ ವಿಧಿಗೆ ಒಂದು ಹೇಳಿಕೆ ಸೇರಿಸಿತು: ಯಾವುದೇ ಸಮುದಾಯದ ಖಾಸಗಿ ವಿಷಯದಲ್ಲಿ ಆ ಸಮುದಾಯದ ಒಪ್ಪಿಗೆಯಿಲ್ಲದೆ ಕೈಹಾಕುವುದಿಲ್ಲವೆಂದು.

ಸವದತ್ತಿ ಸೀಮೆಯವರಾದ ನಮಗೆ ಈ ಮಾತು ಚುಚ್ಚುತ್ತದೆ. ತಲೆಗೂದಲು ಜಡೆಗಟ್ಟಿತೆಂದು, ಮನೆಯಲ್ಲಿ ಗಂಡುಮಗನಿಲ್ಲವೆಂದು ಎಳೆಯ ಹುಡುಗಿಯರಿಗೆ ಯಲ್ಲಮ್ಮ ದೇವಿಯ ಹೆಸರಿನಲ್ಲಿ ಮುತ್ತು ಕಟ್ಟಿ ದೇವದಾಸಿಯರನ್ನಾಗಿ ಮಾಡಿದರು. ಬಹುಪಾಲು ದಲಿತರ ಮಕ್ಕಳೇ. ಅವರಲ್ಲಿ ಯಾರ ಒಪ್ಪಿಗೆ ಕೇಳಿದ್ದರು? ಬಡತನವೂ ಜಾತಿಯೂ ಸೇರಿ ಮಾಡಿದ ಅನ್ಯಾಯಕ್ಕೆ ದೇವಿಯ ಹೆಸರು ಹಚ್ಚಿದ್ದು ದೇವಿಗೂ ಅವಮಾನ.

ದೇವದಾಸಿ ಸಮರ್ಪಣೆ ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1982ರಲ್ಲೇ ರೂಪಿಸಿತು. ತಂದೆತಾಯಿಯೇ ಮುಂದೆ ನಿಂತು ಮಗಳನ್ನು ದೇವರಿಗೆ ಬಿಟ್ಟರೆ ಐದು ವರ್ಷದವರೆಗೆ ಜೈಲು ಎಂದು ಅದರಲ್ಲಿತ್ತು. ಬಹಿರಂಗ ಸಮಾರಂಭಗಳು ನಿಂತಿವೆ, ನಿಜ. ಮನೆಯೊಳಗೆ ಗುಟ್ಟಾಗಿ ನಡೆಯುವುದನ್ನು ತಡೆಯಬೇಕಾದವರು ಊರಿನವರೇ. 1993-94 ಮತ್ತು 2007-08ರ ದೇವದಾಸಿಯರ ಸಮೀಕ್ಷೆಗಳಲ್ಲಿ ಹೆಸರು ಬಿಟ್ಟುಹೋದ ತಾಯಂದಿರು ಸವಲತ್ತಿಗಾಗಿ ಕಚೇರಿಗಳಿಗೆ ಅಲೆದಿದ್ದಾರೆ. ಅವರ ಮಕ್ಕಳು ಶಾಲೆಯ ಅರ್ಜಿಯಲ್ಲಿ ತಂದೆಯ ಹೆಸರಿನ ಜಾಗ ಕಂಡು ತಲೆ ತಗ್ಗಿಸಿದ್ದಾರೆ.

ಪ್ರತಿ ಗ್ರಾಮ ಪಂಚಾಯಿತಿ ಇಂಥವರ ಮನೆಗೇ ಹೋಗಿ ಹೆಸರು ಬರೆದುಕೊಳ್ಳಲಿ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಯ ಜಾತ್ರೆಗಳಲ್ಲಿ ಯಲ್ಲಮ್ಮನ ಗುಡ್ಡದ ಮೇಲೆ ಕಾನೂನು ನೆರವಿನ ಕೇಂದ್ರ ತೆರೆಯಲಿ. ಹುಡುಗಿಗೆ ಮುತ್ತು ಕಟ್ಟುವ ಸುಳಿವು ಸಿಕ್ಕರೆ ಓದುಗರು ಸುಮ್ಮನಿರದೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬೇಕೆಂದು ಕೋರುತ್ತೇನೆ.

– ಓದುಗರೊಬ್ಬರು, ಸಿರಸಂಗಿ